ನಿಲ್ಲಲು ಕಲಿಯುವ ಗಾಡಿ

ಮುಲುಂಡ್ ಪಶ್ಚಿಮದಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದಿಂದ ಒಳಕ್ಕೆ ತಿರುಗುವ ಒಂದು ಗಲ್ಲಿ. ತಗಡಿನ ಸೂರಿನ ಕೆಳಗೆ ನಾಲ್ಕೂ ಗಾಲಿ ಬಿಚ್ಚಿಸಿಕೊಂಡ ಪೋಲೋ ಕಾರೊಂದು ಸ್ಟ್ಯಾಂಡುಗಳ ಮೇಲೆ ನಿಂತಿದೆ. ಗುರುವಾರ, ರಾತ್ರಿ ಹತ್ತು ಗಂಟೆ. ಒಬ್ಬ ಹುಡುಗ ಒಳಗೆ ಕೂತು ಬ್ರೇಕ್ ಪೆಡಲ್ ತುಳಿಯುತ್ತಾನೆ. ಇನ್ನೊಬ್ಬ ಹಿಂದಿನ ಚಕ್ರದ ಬಳಿ ಕುಕ್ಕುರುಗಾಲಲ್ಲಿ ಕೂತು ಪಾನಾದಿಂದ ನಿಪ್ಪಲ್ ಸಡಿಲಿಸುತ್ತಾನೆ. ‘ದಬಾ’, ‘ಛೋಡ್’, ಮತ್ತೆ ‘ದಬಾ’. ಸಣ್ಣ ಪ್ಲಾಸ್ಟಿಕ್ ನಳಿಗೆಯಿಂದ ಹಳೆಯ ಬ್ರೇಕ್ ಆಯಿಲ್ ನೀರಿನ ಬಾಟಲಿಯೊಳಕ್ಕೆ ಇಳಿಯುತ್ತದೆ. ಮೊದಲು ಕರೀ ಚಹಾದ ಬಣ್ಣ, ಆಮೇಲೆ ಜೇನಿನ ಬಣ್ಣ, ಕೊನೆಗೆ ಎಳ್ಳೆಣ್ಣೆಯಂಥ ತಿಳಿ. ಅಷ್ಟಾದ ಮೇಲೆಯೇ ಮುಂದಿನ ಚಕ್ರ.

ಈ ಕಾರು ನಾಳೆ ಮುಂಜಾನೆ ನಾಲ್ಕಕ್ಕೆ ಹೊರಡಬೇಕು. ಮುಂಬೈಯಲ್ಲಿ ರೇಸ್ ಟ್ರ್ಯಾಕ್ ಇಲ್ಲ. ಜುಹು ವಿಮಾನಪಟ್ಟಿಯ ಮೇಲೆ ಕಾರುಗಳು ಓಡುತ್ತಿದ್ದದ್ದು ಈಗ ಹಿರಿಯರ ನೆನಪು ಮಾತ್ರ. ಆಂಬಿ ವ್ಯಾಲಿಯ ರನ್‌ವೇ ಮೇಲೆ ನೇರಗೆರೆಯ ಓಟದ ಸ್ಪರ್ಧೆಗಳು ನಡೆದಿವೆ; ಆದರೆ ತಿರುವು ತಿರುಗಿಸಿ ಗಾಡಿಯನ್ನು ಪರೀಕ್ಷಿಸಬೇಕೆಂದರೆ ದೂರ ಹೋಗಲೇಬೇಕು. ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೈಯಲ್ಲಿರುವ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕು 1990ರಲ್ಲಿ ಶುರುವಾದದ್ದು, ಒಂದು ಸುತ್ತಿಗೆ 3.717 ಕಿಲೋಮೀಟರ್. ಮುಲುಂಡಿನಿಂದ ಅಲ್ಲಿಗೆ ಸುಮಾರು 1,300 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 48ನ್ನು ಹಿಡಿದರೆ ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು ದಾಟಿ ಅದೇ ದಾರಿ ಟ್ರ್ಯಾಕಿನ ಬಾಗಿಲಿಗೆ ಒಯ್ಯುತ್ತದೆ. ಅಂದರೆ ಇಡೀ ಕರ್ನಾಟಕವನ್ನು ಉದ್ದಕ್ಕೆ ಸೀಳಿಕೊಂಡು ಹೋಗಿ, ಎರಡು ದಿನ ಪೂರ್ತಿ ವೇಗದಲ್ಲಿ ಓಡಿ, ಮತ್ತೆ ಅದೇ ಗಾಲಿಗಳ ಮೇಲೆ ವಾಪಸು ಬಂದು, ಮಂಗಳವಾರವೋ ಬುಧವಾರವೋ ಆಫೀಸಿಗೆ ಹೊರಡಬೇಕು. ಲಾರಿಯ ಮೇಲೆ ಹೇರಿಸಿಕೊಂಡು ಹೋಗುವ ಅನುಕೂಲ ಕೆಲವರಿಗೆ ಮಾತ್ರ. ಉಳಿದವರ ಗಾಡಿ ಎರಡು ಬಾಳನ್ನೂ ತಾನೇ ಬಾಳಬೇಕು. ಈ ಎರಡು ಬಾಳಿಗೆ ಒಂದೇ ಗಾಡಿಯನ್ನು ಹದಗೊಳಿಸುವುದೇ ಈ ಗ್ಯಾರೇಜುಗಳ ಕಸುಬು.

ಹೊರಗಿನವರು ಈ ಕಸುಬನ್ನು ಎಂಜಿನ್‌ನ ಶಕ್ತಿ ಹೆಚ್ಚಿಸುವ ಕೆಲಸ ಎಂದುಕೊಳ್ಳುತ್ತಾರೆ. ನನಗೂ ಬಹುಕಾಲ ಹಾಗೆಯೇ ಅನ್ನಿಸಿತ್ತು. ಗ್ಯಾರೇಜಿನಲ್ಲಿ ನಾಲ್ಕು ಸಂಜೆ ಕೂತರೆ ತಿಳಿಯುತ್ತದೆ: ಮೊದಲ ಖರ್ಚು ಬ್ರೇಕಿಗೆ, ಎರಡನೆಯದು ಟೈರಿಗೆ, ಮೂರನೆಯದು ಎಂಜಿನ್ ಆಯಿಲ್ ತಂಪಾಗಿರಲು. ಶಕ್ತಿಯ ಸರದಿ ಆಮೇಲೆ.

ಯಾಕೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. 1,100 ಕಿಲೋ ತೂಕದ ಕಾರು ಗಂಟೆಗೆ 160 ಕಿಲೋಮೀಟರ್ ವೇಗದಿಂದ 80ಕ್ಕೆ ಇಳಿಯುವಾಗ ಕಳಚಿಕೊಳ್ಳುವ ಚಲನಶಕ್ತಿ ಸುಮಾರು 800 ಕಿಲೋಜೂಲ್. ಸುಮಾರು ಎರಡೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಕಾವು ಅದು. ಅದೆಲ್ಲ ಮೂರ್ನಾಲ್ಕು ಸೆಕೆಂಡಿನಲ್ಲಿ, ಬಹುಪಾಲು ಮುಂದಿನ ಎರಡು ಕಬ್ಬಿಣದ ತಟ್ಟೆಗಳ ಮೇಲೆ ಬೀಳುತ್ತದೆ. ತಟ್ಟೆ ಆರುವ ಮೊದಲೇ ಮುಂದಿನ ತಿರುವು. ಮುಲುಂಡಿನ ಪಂಚರಸ್ತಾದಲ್ಲಿ ದಿನವಿಡೀ ಬ್ರೇಕ್ ತುಳಿದರೂ ತಟ್ಟೆ ಇಷ್ಟು ಕಾಯುವುದಿಲ್ಲ, ಯಾಕೆಂದರೆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ.

ಇಲ್ಲಿ ಮುಂಬೈಯ ಹವೆ ಒಳಗೆ ಬರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 4 ಎಂದು ಬರೆದ ಹೊಸ ಡಬ್ಬಿಯ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು; ತೇವ ಹೀರಿದ ಮೇಲೆ ಅದರ ಕನಿಷ್ಠ ಮಟ್ಟ 155 ಡಿಗ್ರಿಗೆ ಬೀಳುತ್ತದೆ. ನಾಲ್ಕು ತಿಂಗಳ ಮಳೆ, ಉಳಿದೆಂಟು ತಿಂಗಳು ಕಡಲ ಗಾಳಿ. ಇಲ್ಲಿನ ಕಾರಿನ ಬ್ರೇಕ್ ಆಯಿಲ್ ಸದ್ದಿಲ್ಲದೆ ನೀರು ಕುಡಿಯುತ್ತಿರುತ್ತದೆ. ಊರೊಳಗೆ ಅದು ಗೊತ್ತೇ ಆಗುವುದಿಲ್ಲ. ಟ್ರ್ಯಾಕಿನ ಕಾವಿನಲ್ಲಿ ಒಳಗಿನ ನೀರು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ, ಆವಿಯನ್ನು ಒತ್ತಿದರೆ ಆವಿಯೇ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಪೆಡಲ್ ಕೈಕೊಡುವುದು ಏನೆಂದು ನನಗೆ ಗೊತ್ತು. ಅಪ್ಪನ ಪದ್ಮಿನಿ ಕಾರು, ಖಂಡಾಲಾ ಘಾಟಿಯ ಇಳಿಜಾರು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಹಿಂದಿನ ಸೀಟಿನಲ್ಲಿ ಅಮ್ಮ, ಇಬ್ಬರು ತಂಗಿಯರು. ಲಾರಿಯ ಹಿಂದೆ ಇಳಿಯುತ್ತ ಇಳಿಯುತ್ತ ಪೆಡಲ್ ಸ್ಪಂಜಿನಂತಾಯಿತು. ಅಪ್ಪ ಎರಡನೇ ಗೇರಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಬಂಡೆಯ ಬದಿಗೆ ಗಾಡಿಯನ್ನು ಒರಗಿಸಿದರು. ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷವಾಗಿತ್ತೆಂದು ನಮ್ಮ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಆ ಸುಟ್ಟ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಹಾಗಾಗಿ ಪ್ರತಿ ಟ್ರ್ಯಾಕ್ ಪ್ರಯಾಣಕ್ಕೂ ಮೊದಲು ಹೊಸ ಡಬ್ಬಿ ಒಡೆಯುವ, ಒಡೆದ ಡಬ್ಬಿಯಲ್ಲಿ ಉಳಿದದ್ದನ್ನು ಎತ್ತಿಡದೆ ತೆಗೆದುಹಾಕುವ ಈ ಗ್ಯಾರೇಜಿನ ರೂಢಿ ನನಗೆ ಕಂಜೂಸಿಯ ವಿರುದ್ಧದ ಹಠವಾಗಿ ಕಾಣುವುದಿಲ್ಲ, ಪ್ರಾಣದ ಲೆಕ್ಕವಾಗಿ ಕಾಣುತ್ತದೆ.

ಪದ್ಮಿನಿಯ ಹೆಸರು ಸುಮ್ಮನೆ ಬರಲಿಲ್ಲ. ಮುಲುಂಡಿನ ಶಾಸ್ತ್ರಿ ಮಾರ್ಗ ದಕ್ಷಿಣಕ್ಕೆ ಭಾಂಡೂಪ್, ವಿಕ್ರೋಳಿ, ಘಾಟ್‌ಕೋಪರ್ ದಾಟಿ ಕುರ್ಲಾ ಸೇರುತ್ತದೆ. ಕುರ್ಲಾದಲ್ಲಿ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೋಮೊಬೈಲ್ಸ್ 1947ರಲ್ಲಿ ಕಾರು ಜೋಡಿಸಲು ತೊಡಗಿತು. ಐವತ್ತರ ದಶಕದಲ್ಲಿ ಫಿಯೆಟ್ 1100 ಅಲ್ಲಿಂದ ಬಂತು, ಎಪ್ಪತ್ತರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಿತ್ತು. ಭಾಂಡೂಪಿನಲ್ಲಿ ಸಿಯೆಟ್ ಟೈರಿನ ಕಾರ್ಖಾನೆ. ಈ ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಲೇತ್ ಇಟ್ಟವರು, ಬೋರಿಂಗ್ ಮಾಡುವವರು, ಎರಕ ಹೊಯ್ಯುವವರು ನೂರಾರು ಜನ ಬೆಳೆದರು. ಮುಂಬೈಯ ಗ್ಯಾರೇಜುಗಳ ಒಂದು ಪೀಳಿಗೆಯ ಕೈ ಕಲಿತದ್ದು ಆ ಫಿಯೆಟ್ ಎಂಜಿನ್ ಮೇಲೆ: 1,089 ಸಿಸಿ, ನಾಲ್ಕು ಸಿಲಿಂಡರ್, ನಲವತ್ತರ ಆಸುಪಾಸಿನ ಅಶ್ವಶಕ್ತಿ.

ಚೆನ್ನೈ ಹತ್ತಿರದ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ದಶಕಗಟ್ಟಲೆ ನಡೆದ ರೇಸುಗಳಲ್ಲಿ ಈ ಫಿಯೆಟ್ಟುಗಳು ಓಡಿದವು. ಆಮದಿನ ಬಾಗಿಲು ಮುಚ್ಚಿದ್ದ ಕಾಲ. ಸ್ಪೋರ್ಟ್ಸ್ ಕಾರು ಬೇಕೆಂದರೆ ಕೊಳ್ಳುವುದಲ್ಲ, ಮಾಡಿಕೊಳ್ಳುವುದು. ಅಲ್ಯೂಮಿನಿಯಂ ಹೆಡ್ಡನ್ನು ಲೇತಿಗೆ ಕೊಟ್ಟು ಒಂದೆರಡು ಮಿಲಿಮೀಟರಿಗೂ ಕಡಿಮೆ ಹೆರೆಸಿ ಕಂಪ್ರೆಷನ್ ಏರಿಸುತ್ತಿದ್ದರು. ಗಾಳಿ ಒಳಬರುವ ದಾರಿಯನ್ನು ಅರ, ಎಮರಿ ಕಾಗದ ಹಿಡಿದು ಕೈಯಲ್ಲೇ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿ ನಯ ನೋಡುತ್ತಿದ್ದರು. ಕಾರ್ಬೊರೇಟರಿನ ಜೆಟ್ಟನ್ನು ಹಿಗ್ಗಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ಓದುತ್ತಿದ್ದರು: ಬಿಸ್ಕತ್ತಿನ ಕಂದು ಬಂದರೆ ಹದ, ಬಿಳುಪಾದರೆ ಪೆಟ್ರೋಲ್ ಸಾಲದು, ಮಸಿಯಾದರೆ ಹೆಚ್ಚಾಯಿತು. ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ 1982ರಲ್ಲಿ ತಂದ ಡಾಲ್ಫಿನ್ ಬೇರೊಂದು ಪಾಠ ಕಲಿಸಿತು. ಫೈಬರ್‌ಗ್ಲಾಸ್ ಮೈ, 848 ಸಿಸಿ ಎಂಜಿನ್. ಮಾರುಕಟ್ಟೆಯಲ್ಲಿ ಅದು ಉಳಿಯಲಿಲ್ಲ, ಆದರೆ ಹಗುರವಾದ ಗಾಡಿ ದೊಡ್ಡ ಎಂಜಿನ್ನಿನ ಗಾಡಿಯ ಬೆನ್ನು ಹತ್ತಬಲ್ಲದೆಂದು ರೇಸಿನವರಿಗೆ ತೋರಿಸಿಕೊಟ್ಟಿತು.

ಮುಂಬೈಯ ರಸ್ತೆಯಲ್ಲಿ ಟ್ಯಾಕ್ಸಿಯಾಗಿ ಉಳಿದಿದ್ದ ಕೊನೆಯ ಪದ್ಮಿನಿಗೆ 2023ರ ಅಕ್ಟೋಬರಿನಲ್ಲಿ ಇಪ್ಪತ್ತು ವರ್ಷ ತುಂಬಿ ಪರವಾನಗಿ ಮುಗಿಯಿತು. ಅಷ್ಟರಲ್ಲಿ ಗ್ಯಾರೇಜುಗಳು ಎಷ್ಟೋ ಮುಂದೆ ಬಂದಿದ್ದವು. 2001ರಲ್ಲಿ ಬಂದ ಫಿಯೆಟ್ ಪಾಲಿಯೊದ 1.6 ಲೀಟರ್ ಎಂಜಿನ್ 100 ಅಶ್ವಶಕ್ತಿ ಕೊಡುತ್ತಿತ್ತು, ಅದೂ ಕುರ್ಲಾದಲ್ಲೇ ತಯಾರಾದದ್ದು. ಅದೇ ಕಾಲದ ಹೊಂಡಾ ಸಿಟಿ ವಿಟೆಕ್, ಆಮೇಲೆ 2010ರ ಪೋಲೋ ಕಪ್ ರೇಸು, ಪೋಲೋದ ಟರ್ಬೊ ಎಂಜಿನ್. ಈಗ ಲ್ಯಾಪ್‌ಟಾಪ್ ಹಚ್ಚಿ ಎಂಜಿನ್ನಿನ ಕಂಪ್ಯೂಟರಿಗೆ ಬೇರೆ ಲೆಕ್ಕ ಬರೆದರೆ ಟರ್ಬೊದ ಒತ್ತಡ ಏರುತ್ತದೆ, ಅರ್ಧ ತಾಸಿನ ಕೆಲಸ. ಸುಲಭ ಅನ್ನುವುದೇ ಅದರ ಅಪಾಯ. ಏರಿದ ಶಕ್ತಿಯನ್ನು ಕ್ಲಚ್ ತಡೆಯುತ್ತದೆಯೇ, ರೇಡಿಯೇಟರ್ ತಣಿಸುತ್ತದೆಯೇ, ಪಂಪಿನಲ್ಲಿ ಸಿಗುವ ಪೆಟ್ರೋಲ್ ಎಂಜಿನ್ ಕುಟ್ಟದಂತೆ ಉರಿಯುತ್ತದೆಯೇ ಎಂದು ಕೇಳದೆ ಬರೆದ ಲೆಕ್ಕ ಪಿಸ್ಟನ್ನನ್ನು ತೂತು ಮಾಡಬಲ್ಲದು. ಹಳೆಯ ಕಾರ್ಬೊರೇಟರ್ ಗಾಡಿ ಇಟ್ಟುಕೊಂಡವರಿಗೆ ಇನ್ನೊಂದು ತಲೆನೋವು, ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕಾಗುತ್ತದೆ. ಜೆಟ್ಟನ್ನು ದೊಡ್ಡದು ಮಾಡಬೇಕು, ಹಳೆಯ ರಬ್ಬರ್ ಪೈಪು ಮೆದುವಾಗುವ ಮುನ್ನ ಬದಲಿಸಬೇಕು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಎಂಜಿನ್ ಆಯಿಲ್‌ನ ವಿಷಯ. ಉದ್ದನೆಯ ತಿರುವಿನಲ್ಲಿ ಕಾರು ಒಂದು ಬದಿಗೆ ಎಳೆಯುವಾಗ ಎಂಜಿನ್ ತಳದ ಬೋಗುಣಿಯಲ್ಲಿರುವ ಆಯಿಲ್ ಗೋಡೆಗೆ ಏರಿ ನಿಲ್ಲುತ್ತದೆ, ಬಸ್ಸು ತಿರುಗುವಾಗ ಕ್ಯಾನಿನ ಹಾಲು ಓರೆಯಾದಂತೆ. ಹೀರುವ ಕೊಳವೆಯ ಬಾಯಿ ಬರಿದಾಗಿ ಒಂದೆರಡು ಸೆಕೆಂಡು ಗಾಳಿ ಎಳೆದರೂ ಬೇರಿಂಗ್ ಸವೆಯುತ್ತದೆ. ಅದಕ್ಕೆ ಬೋಗುಣಿಯೊಳಗೆ ತಗಡಿನ ತಡೆಗೋಡೆಗಳನ್ನು ಬೆಸುಗೆ ಹಾಕಿಸುತ್ತಾರೆ. ಹೊರಗೆ ಕಾಣದ, ಯಾರೂ ಫೋಟೊ ತೆಗೆಯದ ಕೆಲಸ.

ಮುಲುಂಡಿನ ಬಾಳು ಬೇರೆಯದನ್ನು ಕೇಳುತ್ತದೆ. ಟ್ರ್ಯಾಕಿಗೆ ಗಾಡಿ ತಗ್ಗಿರಬೇಕು, ಸ್ಪ್ರಿಂಗ್ ಬಿಗಿ ಇರಬೇಕು, ಮುಂದಿನ ಚಕ್ರದ ಮೇಲ್ತುದಿ ಒಳಕ್ಕೆ ವಾಲಿರಬೇಕು. ಅದೇ ವಾಲಿಕೆ ಹೆದ್ದಾರಿಯಲ್ಲಿ ಟೈರಿನ ಒಳ ಅಂಚನ್ನು ತಿನ್ನುತ್ತದೆ. ತಗ್ಗಿದ ಗಾಡಿ ಸೊಸೈಟಿಯ ಸ್ಪೀಡ್‌ಬ್ರೇಕರಿಗೆ ಹೊಟ್ಟೆ ಉಜ್ಜುತ್ತದೆ. ಆಗಸ್ಟಿನ ಹೊಂಡಕ್ಕೆ ಬಿಗಿ ಸ್ಪ್ರಿಂಗ್ ಬಿದ್ದರೆ ರಿಮ್ ಸೊಟ್ಟ. ಟ್ರ್ಯಾಕಿಗೆಂದೇ ಬರುವ ಮೆದು ರಬ್ಬರಿನ, ಗೀರು ಕಡಿಮೆಯ ಟೈರು ನಿಂತ ನೀರಿನ ಮೇಲೆ ತೇಲುತ್ತದೆ. ತಣ್ಣನೆ ಗಾಳಿ ಸಿಗಲೆಂದು ಗಾಳಿಯ ಕೊಳವೆಯನ್ನು ಬಂಪರಿನ ಕೆಳಗಿಳಿಸುವವರಿದ್ದಾರೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ನ್ನು ಕಂಡ ಊರಿನಲ್ಲಿ ಅದು ಹುಚ್ಚು ಸಾಹಸ. ಎಂಜಿನ್ ಒಮ್ಮೆ ನೀರು ನುಂಗಿದರೆ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಒಳ್ಳೆಯ ಗ್ಯಾರೇಜು ಇಂಥ ಬೇಡಿಕೆಗೆ ಇಲ್ಲ ಅನ್ನುತ್ತದೆ. ಗಿರಾಕಿಯನ್ನು ಕಳೆದುಕೊಂಡರೂ ಇಲ್ಲ ಅನ್ನುವ ಗ್ಯಾರೇಜನ್ನೇ ನಾನು ನಂಬುತ್ತೇನೆ.

ರೋಲ್ ಕೇಜಿನ, ಅಂದರೆ ಗಾಡಿಯೊಳಗೆ ಕಟ್ಟುವ ಉಕ್ಕಿನ ಪಂಜರದ ಮಾತೂ ಹಾಗೆಯೇ. ಅಂತರರಾಷ್ಟ್ರೀಯ ಆಟೋಮೊಬೈಲ್ ಫೆಡರೇಷನ್ನಿನ ನಿಯಮದಂತೆ ಚಾಲಕನ ಹಿಂದಿನ ಮುಖ್ಯ ಕಮಾನಿಗೆ 45 ಮಿಲಿಮೀಟರ್ ಅಡ್ಡಳತೆ, 2.5 ಮಿಲಿಮೀಟರ್ ದಪ್ಪದ ಬೆಸುಗೆಯಿಲ್ಲದ ಉಕ್ಕಿನ ಕೊಳವೆ ಬೇಕು, ಇಲ್ಲವೇ 50 ಅಡ್ಡಳತೆಗೆ 2 ದಪ್ಪ. ಪಲ್ಟಿಯಾದ ಗಾಡಿಯೊಳಗಿನ ಜೀವವನ್ನು ಅದು ಕಾಪಾಡುತ್ತದೆ. ಅದೇ ಕೊಳವೆ ಹೆಲ್ಮೆಟ್ಟಿಲ್ಲದ ತಲೆಗೆ ಊರೊಳಗಿನ ಸಣ್ಣ ಡಿಕ್ಕಿಯಲ್ಲೇ ತಾಗಬಹುದು.

ಕಾನೂನು ಈ ಕಸುಬಿನ ಪಕ್ಕದಲ್ಲೇ ನಿಂತಿದೆ. ತಯಾರಕರು ನಮೂದಿಸಿದ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಖಚಿತವಾಗಿ ಎತ್ತಿಹಿಡಿಯಿತು. ಅನುಮತಿಯಿಲ್ಲದ ಬದಲಾವಣೆ ಒಂದೊಂದಕ್ಕೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಪೂರ್ತಿ ರೇಸಿಗೆಂದೇ ಕಟ್ಟಿದ ಗಾಡಿ ರಸ್ತೆಗೆ ಇಳಿಯಬಾರದು, ಲಾರಿಯ ಮೇಲೇ ಹೋಗಬೇಕು. ರಸ್ತೆಯಲ್ಲಿ ಓಡುವ ಗಾಡಿಗೆ ಮೂಲ ಸ್ವರೂಪ ಕೆಡದಂತೆ ಏನು ಮಾಡಬಹುದೋ ಅಷ್ಟೇ: ಒಳ್ಳೆಯ ಆಯಿಲ್, ಒಳ್ಳೆಯ ಪ್ಯಾಡ್, ಒಪ್ಪಿತ ಅಳತೆಯ ಒಳ್ಳೆಯ ಟೈರು, ಕಟ್ಟುನಿಟ್ಟಾದ ನಿಗಾ. ಸೈಲೆನ್ಸರ್ ಕಿತ್ತು ನಡುರಾತ್ರಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಚೀರಿಸುವವರು ಈ ಕಸುಬಿನವರಲ್ಲ. ಆಸ್ಪತ್ರೆಯ ರೋಗಿಯನ್ನೂ ತೊಟ್ಟಿಲ ಮಗುವನ್ನೂ ಎಬ್ಬಿಸುವ ಆ ಸದ್ದಿನಿಂದ, ಬೆರಳ ತುದಿಯಲ್ಲಿ ಹದ ನೋಡುವ ಜನರಿಗೂ ಕೆಟ್ಟ ಹೆಸರು ಬಂದಿದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಕನ್ನಡ ನೆಲಕ್ಕೆ ಟ್ರ್ಯಾಕಿಗಿಂತ ರ‍್ಯಾಲಿಯ ನಂಟು ಹೆಚ್ಚು. ಚಿಕ್ಕಮಗಳೂರಿನ ಕಾಫಿತೋಟದ ಮಣ್ಣುದಾರಿಗಳು, ಬೆಂಗಳೂರಿನ ಕರ್ಣ ಕಡೂರ್, ದಾರಿಯ ಟಿಪ್ಪಣಿ ಓದುತ್ತ ಚಾಲಕನ ಪಕ್ಕ ಕೂತೇ ಹೆಸರಾದ ಕಾಸರಗೋಡಿನ ಮೂಸಾ ಶರೀಫ್, ಇವರದು ಬೇರೆಯೇ ಲೇಖನ. ಆದರೆ ಮುಲುಂಡಿನಿಂದ ಹೊರಟ ಗಾಡಿ ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಪೆಟ್ರೋಲಿಗೆ ನಿಂತಾಗ ಸುತ್ತ ಸೇರುವ ಹುಡುಗರು ಮೊದಲು ಬಗ್ಗಿ ನೋಡುವುದು ಚಕ್ರದ ಸಂದಿಯಲ್ಲಿ ಕಾಣುವ ಬ್ರೇಕನ್ನೇ.

ಐದನೆಯ ದಿನ ಗಾಡಿ ಗಲ್ಲಿಗೆ ಮರಳಿತು. ಮತ್ತೆ ನಾಲ್ಕೂ ಗಾಲಿ ಕೆಳಗೆ. ಟ್ರ್ಯಾಕಿನಲ್ಲಿ ಕರಗಿ ಉಂಡೆಗಟ್ಟಿದ ರಬ್ಬರ್ ಟೈರಿನ ಅಂಚಿಗೆ ಇನ್ನೂ ಅಂಟಿತ್ತು, ಹುಡುಗ ಸ್ಕ್ರೂಡ್ರೈವರಿನಿಂದ ಒಂದೊಂದನ್ನೇ ಎಬ್ಬಿದ. ಬ್ರೇಕ್ ತಟ್ಟೆಯ ಮೇಲೆ ಕೂದಲೆಳೆಯ ಬಿರುಕುಗಳಿವೆಯೇ ಎಂದು ಟಾರ್ಚ್ ಹಿಡಿದು ನೋಡಿದರು. ಉಗುರು ಸಿಕ್ಕಿಕೊಳ್ಳುವಷ್ಟಿದ್ದರೆ ತಟ್ಟೆ ಹೊರಗೆ. ಇರಲಿಲ್ಲ. ಟ್ರ್ಯಾಕಿನ ಪ್ಯಾಡನ್ನು ತೆಗೆದು ಹಳೆಯ ಪತ್ರಿಕೆಯಲ್ಲಿ ಸುತ್ತಿ ದಿನಾಂಕ ಬರೆದು ಇಟ್ಟರು, ಯಾಕೆಂದರೆ ಬಿಸಿಯಾಗದೆ ಕಚ್ಚದ ಆ ಪ್ಯಾಡು ಬೆಳಗಿನ ಮೊದಲ ಸಿಗ್ನಲ್ಲಿಗೆ ಬೇಡ. ಊರಿನ ಪ್ಯಾಡು ಕೂರಿಸಿ, ಗಾಲಿಯ ಬೋಲ್ಟುಗಳನ್ನು ಟಾರ್ಕ್ ಪಾನಾದಲ್ಲಿ ಟಕ್ ಎನ್ನುವವರೆಗೆ ಬಿಗಿದು, ಒಂದೊಂದರ ಮೇಲೂ ಹಳದಿ ಗೆರೆ ಎಳೆದರು. ಕೊನೆಗೆ ಮೂಲೆಯಲ್ಲಿ ನಿಲ್ಲಿಸಿದ್ದ ಹಿಂದಿನ ಸೀಟನ್ನು ಇಬ್ಬರು ಹಿಡಿದು ಒಳಗೆ ಕೂರಿಸಿದರು. ಬೆಳಿಗ್ಗೆ ಏಳಕ್ಕೆ ಮಾಲೀಕನ ಮಗಳನ್ನು ಶಾಲೆಗೆ ಬಿಡಬೇಕಿತ್ತು.