ಕಾಣದ ಬಾಯಿಗೆ ಹಲ್ಲು ಕಟ್ಟುವ ಬಗೆ

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಹೋದ ಹಲ್ಲು ಹೋದಂತೆಯೇ. ಇಂದು ಹಾಗಲ್ಲ. ಎಲ್ಲ ಹಲ್ಲುಗಳೂ ಉದುರಿದವರು ದಂತವೈದ್ಯರಲ್ಲಿಗೆ ಹೋಗಿ ಹಲ್ಲು ಕಟ್ಟಿಸಿಕೊಂಡು ಬರುತ್ತಾರೆ. ಆದರೆ ಕಟ್ಟಿಸಿಕೊಂಡವರೆಲ್ಲ ಅದನ್ನು ಹಾಕಿಕೊಂಡು ಉಣ್ಣುತ್ತಾರೆಯೇ? ಮಾತಾಡಿದರೆ ಟಕಟಕ ಎನ್ನುತ್ತದೆ, ಅಗಿದರೆ ಎದ್ದು ಬರುತ್ತದೆ, ವಸಡು ಹುಣ್ಣಾಗುತ್ತದೆ ಎಂದು ಹಲ್ಲಿನ ಸೆಟ್ಟನ್ನು ನೀರಿನ ಲೋಟದಲ್ಲಿಟ್ಟು, ಮದುವೆಗೋ ಫೋಟೋ ತೆಗೆಸುವುದಕ್ಕೋ ಮಾತ್ರ ಧರಿಸುವ ಹಿರಿಯರು ಅನೇಕ ಮನೆಗಳಲ್ಲಿ ಉಂಟು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದು ರೋಗಿಯ ಕಣ್ಣಿಗೆ ಎಂದೂ ಬೀಳದ ಒಂದು ಸಣ್ಣ ಕೆಲಸದಲ್ಲಿ ಅಡಗಿದೆ.

ಹಲ್ಲು ಕಟ್ಟುವುದರಲ್ಲಿ ಇಬ್ಬರ ಪಾಲಿದೆ. ಬಾಯಿಯನ್ನು ಪರೀಕ್ಷಿಸಿ ಅಚ್ಚು ತೆಗೆಯುವವರು ದಂತವೈದ್ಯರು. ಹಲ್ಲುಗಳನ್ನು ಸಾಲಾಗಿ ಜೋಡಿಸಿ ಸೆಟ್ಟನ್ನು ಸಿದ್ಧಪಡಿಸುವವರು ಸಾಮಾನ್ಯವಾಗಿ ಪ್ರಯೋಗಾಲಯದ ತಂತ್ರಜ್ಞರು. 1948ರ ದಂತವೈದ್ಯರ ಕಾಯಿದೆ ಇವರನ್ನು ‘ಡೆಂಟಲ್ ಮೆಕ್ಯಾನಿಕ್’ ಎಂದು ಕರೆಯಿತು. ಇವರು ಬಹುಮಟ್ಟಿಗೆ ರೋಗಿಯ ಮುಖವನ್ನೇ ನೋಡಿರುವುದಿಲ್ಲ. ಇವರ ಮೇಜಿಗೆ ಬರುವುದು ಗಟ್ಟಿ ಜಿಪ್ಸಮ್ಮಿನಲ್ಲಿ ಎರೆದ ಎರಡು ಪಡಿಯಚ್ಚುಗಳು. ಒಂದು ಮೇಲ್ದವಡೆಯದು, ಇನ್ನೊಂದು ಕೆಳದವಡೆಯದು. ವಸಡಿನ ಉಬ್ಬುತಗ್ಗುಗಳೆಲ್ಲ ಅವುಗಳಲ್ಲಿ ಸ್ಪಷ್ಟವಾಗಿ ಮೂಡಿರುತ್ತವೆ. ಆದರೆ ಬಾಯೊಳಗೆ ಇವೆರಡು ಒಂದಕ್ಕೊಂದು ಎಷ್ಟು ದೂರದಲ್ಲಿದ್ದವು, ಕೆಳಗಿನದು ಯಾವ ಹಾದಿಯಲ್ಲಿ ಓಡಾಡುತ್ತಿತ್ತು ಎಂಬುದನ್ನು ಅಚ್ಚು ಹೇಳುವುದಿಲ್ಲ. ಆಕಾರ ಬಂದಿದೆ, ಚಲನೆ ಬಂದಿಲ್ಲ.

ಈ ಕೊರತೆಯನ್ನು ತುಂಬಲು ಹುಟ್ಟಿದ ಉಪಕರಣವೇ ಆರ್ಟಿಕ್ಯುಲೇಟರ್. ಕೈಯಲ್ಲಿ ಎತ್ತಿ ಹಿಡಿಯಬಹುದಾದ ಲೋಹದ ಚೌಕಟ್ಟು ಅದು. ಮೇಲೊಂದು ಕೆಳಗೊಂದು ತೋಳು, ಹಿಂಬದಿಯಲ್ಲಿ ಎರಡು ಕೀಲು, ಮುಂಬದಿಯಲ್ಲಿ ಎತ್ತರವನ್ನು ಕಾಯ್ದಿಡುವ ಒಂದು ಕಂಬಿ. ಎರಡು ಅಚ್ಚುಗಳನ್ನೂ ಆಯಾ ತೋಳಿಗೆ ಪ್ಲಾಸ್ಟರಿನಿಂದ ಕೂರಿಸಿದ ಮೇಲೆ ತಂತ್ರಜ್ಞರ ಪಾಲಿಗೆ ಅದೇ ರೋಗಿಯ ಬಾಯಿ. ಹೀಗೆ ಕೂರಿಸುವುದಕ್ಕೆ ತರಗತಿಯಲ್ಲಿ ‘ಮೌಂಟಿಂಗ್’ ಎನ್ನುತ್ತಾರೆ. ದಂತ ತಂತ್ರಜ್ಞಾನ ಕಲಿಯುವವರಿಗೆ ಮೊದಮೊದಲು ಎದುರಾಗುವ ಪಾಠಗಳಲ್ಲಿ ಇದೂ ಒಂದು.

ಅಡಕತ್ತರಿಯೂ ಬೀಸುವ ಕಲ್ಲೂ

ಓದುಗರು ತಮ್ಮ ತೋರುಬೆರಳುಗಳನ್ನು ಎರಡೂ ಕಿವಿಗಳ ಮುಂದೆ ಇಟ್ಟುಕೊಂಡು ನಿಧಾನವಾಗಿ ಬಾಯಿ ತೆರೆದು ನೋಡಬಹುದು. ಸ್ವಲ್ಪ ತೆರೆದಾಗ ಕೆಳದವಡೆಯ ಗುಂಡುತುದಿ ಇದ್ದಲ್ಲೇ ತಿರುಗಿದಂತೆ ತೋರುತ್ತದೆ. ಇನ್ನೂ ಅಗಲಿಸಿದರೆ ಅದು ಮುಂದಕ್ಕೂ ಕೆಳಕ್ಕೂ ಜಾರುವುದು ಬೆರಳಿಗೆ ತಿಳಿಯುತ್ತದೆ. ಅಡಕತ್ತರಿಯ ಅಲಗು ಹೀಗೆ ಜಾರುವುದಿಲ್ಲ. ಒಂದೇ ಕೀಲಿನ ಸುತ್ತ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ನಮ್ಮ ದವಡೆ ಕಚ್ಚುವಾಗ ಅಡಕತ್ತರಿಯಂತೆ ಕಂಡರೂ ಅಗಿಯುವಾಗ ಬೀಸುವ ಕಲ್ಲಿನಂತೆ ಪಕ್ಕಕ್ಕೂ ಹೊರಳುತ್ತದೆ. ಬಲಗಡೆ ಅಗಿಯುವಾಗ ಬಲತುದಿ ಹೆಚ್ಚುಕಡಿಮೆ ನಿಂತಲ್ಲೇ ತಿರುಗಿದರೆ, ಎಡತುದಿ ಮುಂದಕ್ಕೆ, ಕೆಳಕ್ಕೆ, ಒಳಕ್ಕೆ ಸರಿಯುತ್ತದೆ. ಅಡಕತ್ತರಿಯ ಲೆಕ್ಕದಲ್ಲಿ ಜೋಡಿಸಿದ ಹಲ್ಲುಗಳನ್ನು ಬೀಸುವ ಕಲ್ಲಿನ ಕೆಲಸಕ್ಕೆ ಹಚ್ಚಿದಾಗ, ಒಂದರ ಮೊನೆ ಇನ್ನೊಂದಕ್ಕೆ ತಗುಲಿ ಇಡೀ ಸೆಟ್ಟೇ ಎದ್ದುಬಿಡುತ್ತದೆ.

ಇಷ್ಟನ್ನು ತಿಳಿದು ಉಪಕರಣಕ್ಕೆ ಇಳಿಸಲು ದಂತವೈದ್ಯ ಶಾಸ್ತ್ರಕ್ಕೆ ನೂರೈವತ್ತು ವರ್ಷಗಳೇ ಹಿಡಿದವು. ಪ್ರಷ್ಯದ ದೊರೆ ಫ್ರೆಡರಿಕ್ ಮಹಾಶಯನ ದಂತವೈದ್ಯ ಫಿಲಿಪ್ ಫಾಫ್ 1756ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೇಣದಿಂದ ಬಾಯಿಯ ಅಚ್ಚು ತೆಗೆದು ಅದಕ್ಕೆ ಪ್ಲಾಸ್ಟರ್ ಎರೆಯುವ ಕ್ರಮವನ್ನು ವಿವರಿಸಿದ. 1805ರಲ್ಲಿ ಫ್ರಾನ್ಸಿನ ಗ್ಯಾರಿಯೋ ಎರಡು ಅಚ್ಚುಗಳನ್ನು ಒಂದಕ್ಕೊಂದು ಹೊಂದಿಸಿಡುವ ಉಪಾಯವನ್ನು ಹೇಳಿದ. ಆರ್ಟಿಕ್ಯುಲೇಟರಿನ ಚರಿತ್ರೆಯನ್ನು ಸಾಮಾನ್ಯವಾಗಿ ಅವನಿಂದಲೇ ಆರಂಭಿಸುತ್ತಾರೆ. 1840ರಲ್ಲಿ ಅಮೆರಿಕದಲ್ಲಿ ಇಂಥ ಉಪಕರಣಕ್ಕೆ ಪೇಟೆಂಟ್ ದೊರೆಯಿತು.

ಆ ಕಾಲಕ್ಕೆ ಹಲ್ಲು ಕಟ್ಟಿಸುವುದು ಉಳ್ಳವರ ಮಾತು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನಿಗೆ ನೀರಾನೆಯ ದಂತದಲ್ಲಿ ಕೆತ್ತಿದ, ಸ್ಪ್ರಿಂಗಿನಿಂದ ನಿಲ್ಲುವ ಸೆಟ್ಟು ಇತ್ತು. 19ನೆಯ ಶತಮಾನದ ನಡುವಿನಲ್ಲಿ, ಗಂಧಕ ಸೇರಿಸಿ ಕಾಸಿ ಗಟ್ಟಿಗೊಳಿಸಿದ ರಬ್ಬರು, ಅಂದರೆ ವಲ್ಕನೈಟ್, ಬಂದ ಮೇಲೆ ಹಲ್ಲಿನ ಸೆಟ್ಟು ಅಗ್ಗವಾಗಿ ಸಾಮಾನ್ಯರ ಕೈಗೂ ಎಟುಕಿತು. ಕಟ್ಟಿಸಿಕೊಳ್ಳುವವರು ಹೆಚ್ಚಿದಂತೆ, ಅದು ಬಾಯಲ್ಲಿ ಸರಿಯಾಗಿ ಕೆಲಸ ಮಾಡಬೇಕೆಂಬ ಒತ್ತಾಯವೂ ಹೆಚ್ಚಿತು.

ಅಮೆರಿಕದ ಬಾನ್‌ವಿಲ್ ದವಡೆಯ ರೇಖಾಗಣಿತವನ್ನೇ ಹುಡುಕಲು ಹೊರಟ. ದವಡೆಯ ಎರಡು ಗುಂಡುತುದಿಗಳ ನಡುವೆ 4 ಅಂಗುಲ, ಒಂದೊಂದು ತುದಿಯಿಂದಲೂ ಕೆಳಗಿನ ಮುಂಬಲ್ಲುಗಳ ನಡುವಿನವರೆಗೆ ಮತ್ತೆ 4 ಅಂಗುಲ. ಹೀಗೊಂದು ಸಮಬಾಹು ತ್ರಿಕೋನ ನಮ್ಮೆಲ್ಲರ ದವಡೆಯಲ್ಲಿದೆ ಎಂದ. ಈ ಅಳತೆಯ ಮೇಲೆ ಅವನು ರಚಿಸಿದ ಉಪಕರಣದಲ್ಲಿ ದವಡೆ ಅಕ್ಕಪಕ್ಕಕ್ಕೂ ಚಲಿಸುತ್ತಿತ್ತು. ಅದು ದೊಡ್ಡ ಹೆಜ್ಜೆಯೇ. ಆದರೆ ತುದಿಗಳು ಮಟ್ಟಸವಾಗಿ ಮುಂದೆ ಸರಿಯುತ್ತಿದ್ದವು, ಇಳಿಜಾರು ಬಿಟ್ಟುಹೋಗಿತ್ತು. ಆ ಇಳಿಜಾರು ಒಬ್ಬೊಬ್ಬರಲ್ಲಿ ಒಂದೊಂದು ಬಗೆ ಎಂಬುದನ್ನು 1890ರ ದಶಕದಲ್ಲಿ ಅಮೆರಿಕದ ವಾಕರ್ ಅಳೆದು ತೋರಿಸಿದ. 1905ರಲ್ಲಿ ಡೆನ್ಮಾರ್ಕಿನ ಕ್ರಿಸ್ಟೆನ್‌ಸನ್, ದವಡೆಯನ್ನು ಮುಂದೆ ಚಾಚಿದಾಗ ಹಿಂಬದಿಯಲ್ಲಿ ತೆರೆದುಕೊಳ್ಳುವ ಸಂದನ್ನು ಮೇಣದಲ್ಲಿ ಹಿಡಿದು, ಅದರಿಂದಲೇ ಇಳಿಜಾರಿನ ಕೋನವನ್ನು ಉಪಕರಣದಲ್ಲಿ ಹೊಂದಿಸಬಹುದೆಂದ. ಮುಂದೆ ಜ್ಯೂರಿಕ್ಕಿನ ಆಲ್ಫ್ರೆಡ್ ಗೀಸಿ, ಅಮೆರಿಕದ ರುಡಾಲ್ಫ್ ಹನೌ ಮೊದಲಾದವರು ಈ ಅರಿವನ್ನು ಬಳಸಿಕೊಂಡು ಹೊಸ ಹೊಸ ಮಾದರಿಗಳನ್ನು ತಂದರು.

ಅಚ್ಚು ಕೂರಿಸುವ ಕ್ರಮ

ಉಪಕರಣ ಎಷ್ಟೇ ಚೆನ್ನಾಗಿರಲಿ, ಅದರೊಳಗೆ ಅಚ್ಚನ್ನು ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ದವಡೆಯ ಕೀಲಿನಿಂದ ಹಲ್ಲು ಎಷ್ಟು ದೂರ, ಎಷ್ಟು ಕೆಳಗೆ ಇದೆಯೋ ಉಪಕರಣದಲ್ಲೂ ಅಷ್ಟೇ ಇರಬೇಕು. ಇಲ್ಲವಾದರೆ ಹಲ್ಲು ಮುಚ್ಚುವ ಕಮಾನೇ ಬೇರೆಯಾಗುತ್ತದೆ. ಇದಕ್ಕೆ ಅಮೆರಿಕದ ಸ್ನೋ 1899ರ ಸುಮಾರಿಗೆ ಬಳಕೆಗೆ ತಂದದ್ದು ‘ಫೇಸ್‌ಬೋ’. ಲಾಳದಾಕಾರದ ಈ ಲೋಹದ ಕಮಾನಿನ ಎರಡು ತುದಿಗಳನ್ನು ರೋಗಿಯ ಕಿವಿಗಳ ಬಳಿ ಹಿಡಿದು, ನಡುವಿನ ಕವಲನ್ನು ಬಾಯೊಳಗೆ ಮೇಲ್ದವಡೆಗೆ ಹೊಂದಿಸುತ್ತಾರೆ. ಅದನ್ನು ಹಾಗೆಯೇ ತಂದು ಉಪಕರಣಕ್ಕೆ ಜೋಡಿಸಿದರೆ ಮೇಲಿನ ಅಚ್ಚಿಗೆ ಅದರ ಜಾಗ ಸಿಕ್ಕಿತು.

ಕೆಳಗಿನ ಅಚ್ಚಿನ ಜಾಗವನ್ನು ಹೇಳುವುದು ಮೇಣದ ದಿಂಡುಗಳು. ಹಲ್ಲು ಬರಬೇಕಾದ ಕಡೆ ಮೇಣದ ದಿಂಡುಗಳನ್ನಿಟ್ಟು, ಬಾಯಿ ಎಷ್ಟು ಎತ್ತರದಲ್ಲಿ, ಯಾವ ನೆಲೆಯಲ್ಲಿ ಮುಚ್ಚಬೇಕೆಂದು ದಂತವೈದ್ಯರು ರೋಗಿಯಲ್ಲೇ ನಿರ್ಧರಿಸಿ, ಎರಡನ್ನೂ ಒಂದಕ್ಕೊಂದು ಬೆಸೆದು ಕಳುಹಿಸುತ್ತಾರೆ.

ಇನ್ನು ವಿದ್ಯಾರ್ಥಿಯ ಕೈಕೆಲಸ. ಮೊದಲು ಉಪಕರಣದ ಕೀಲುಗಳನ್ನು ಬಿಗಿದು ಮುಂಬದಿಯ ಕಂಬಿಯನ್ನು ಸೊನ್ನೆಗೆ ನಿಲ್ಲಿಸಬೇಕು. ಅಚ್ಚುಗಳ ಬೆನ್ನಿಗೆ ಕಚ್ಚು ಕೊರೆದು ತೆಳುವಾಗಿ ವ್ಯಾಸಲೀನ್ ಸವರಬೇಕು. ಮುಂದೆ ಅಚ್ಚನ್ನು ಬಿಡಿಸಿ ಮತ್ತೆ ಅದೇ ಜಾಗದಲ್ಲಿ ಕೂರಿಸಲು ಈ ಕಚ್ಚೇ ಗುರುತು. ಮೇಲಿನ ಅಚ್ಚು ತನ್ನ ಭಾರಕ್ಕೆ ಕುಸಿಯದಂತೆ ಕೆಳಗೆ ಆಸರೆ ಕೊಟ್ಟು ಪ್ಲಾಸ್ಟರ್ ಹಾಕಬೇಕು. ಅದು ಗಟ್ಟಿಯಾದ ಮೇಲೆ ಇಡೀ ಉಪಕರಣವನ್ನು ತಲೆಕೆಳಗು ಮಾಡಿ, ಮೇಣದ ದಿಂಡುಗಳ ಆಧಾರದಿಂದ ಕೆಳಗಿನ ಅಚ್ಚನ್ನು ಮೇಲಿನದರ ಮೇಲೆ ಇಟ್ಟು, ಅಲುಗದಂತೆ ಕಡ್ಡಿಗಳಿಂದಲೂ ಅಂಟುಮೇಣದಿಂದಲೂ ಬಿಗಿದು ಮತ್ತೆ ಪ್ಲಾಸ್ಟರ್ ಹಾಕಬೇಕು.

ಇಲ್ಲಿಯೇ ಪ್ಲಾಸ್ಟರಿನ ಸ್ವಭಾವ ಅಡ್ಡ ಬರುತ್ತದೆ. ಪ್ಲಾಸ್ಟರ್ ಎಂದರೆ ನೀರಿನಂಶ ಕಳೆದ ಜಿಪ್ಸಮ್ ಪುಡಿ. ನೀರು ಸೇರಿದೊಡನೆ ಅದು ಮತ್ತೆ ಹರಳುಗಟ್ಟುತ್ತದೆ, ಬಿಸಿಯಾಗುತ್ತದೆ, ಸ್ವಲ್ಪ ಹಿಗ್ಗುತ್ತದೆ. ಆ ಹಿಗ್ಗು ನೂರಕ್ಕೆ ಕಾಲು ಭಾಗದ ಆಸುಪಾಸು ಇರಬಹುದು. ಗೋಡೆಗೆ ಅದು ಲೆಕ್ಕಕ್ಕಿಲ್ಲ, ಹಲ್ಲಿಗೆ ಉಂಟು. ಆದ್ದರಿಂದ ಎಲ್ಲವನ್ನೂ ಒಂದೇ ಸಲ ಸುರಿಯದೆ, ಮೊದಲು ಸ್ವಲ್ಪ ಹಾಕಿ, ಅದು ಗಟ್ಟಿಯಾದ ಮೇಲೆ ಉಳಿದ ಸಂದನ್ನು ತುಂಬಬೇಕೆಂದು ಕಲಿಸುತ್ತಾರೆ. ಅವಸರದ ವಿದ್ಯಾರ್ಥಿ ಒಂದೇ ಸಲ ಹಾಕಿ ಮುಗಿಸುತ್ತಾನೆ. ಕೊನೆಯಲ್ಲಿ ಮುಂಬದಿಯ ಕಂಬಿ ತನ್ನ ತಟ್ಟೆಯನ್ನು ಮುಟ್ಟದೆ ಕೂದಲೆಳೆಯಷ್ಟು ಎತ್ತರದಲ್ಲಿ ನಿಂತು, ಎಲ್ಲೋ ತಪ್ಪಾಗಿದೆ ಎಂದು ಸಾರುತ್ತದೆ. ಆಗ ಒಡೆದು ಮತ್ತೆ ಕೂರಿಸುವುದೊಂದೇ ದಾರಿ.

ಕೂದಲೆಳೆಯ ಬೆಲೆ

ಅಷ್ಟಕ್ಕೆ ಒಡೆಯಬೇಕೇ ಎಂದು ಕೇಳಬಹುದು. ಬಾಗಿಲಿನ ಕೀಲಿನ ಬಳಿ ಸಣ್ಣ ಹರಳೊಂದು ಸಿಕ್ಕಿಕೊಂಡರೆ ಚಿಲಕದ ಬಳಿ ದೊಡ್ಡ ಸಂದೇ ಬೀಳುತ್ತದೆ. ದವಡೆಯದೂ ಇದೇ ನ್ಯಾಯ. ಕೊನೆಯ ದವಡೆಹಲ್ಲಿನ ಬಳಿ 1 ಮಿಲಿಮೀಟರ್ ಎತ್ತರ ಹೆಚ್ಚಿದರೆ ಮುಂಬಲ್ಲಿನ ಬಳಿ ಅದು 2 ಮಿಲಿಮೀಟರಿಗೂ ಮೀರುತ್ತದೆ. ಸುಮ್ಮನೆ ಕುಳಿತಾಗ ನಮ್ಮ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಬಿಡುವು ಇರುತ್ತದೆ. ಎತ್ತರ ಹೆಚ್ಚಾಗಿ ಆ ಬಿಡುವು ಹೋದರೆ ಮಾತಿನಲ್ಲಿ ಟಕಟಕ ಸದ್ದು, ವಸಡಿಗೆ ಬಿಡುವಿಲ್ಲದ ಒತ್ತಡ, ಸಂಜೆಯ ಹೊತ್ತಿಗೆ ದವಡೆಯ ನೋವು. ಎತ್ತರ ಕಡಿಮೆಯಾದರೆ ಕೆನ್ನೆ ಕುಸಿದು, ಗಲ್ಲ ಮೂಗಿನತ್ತ ಸರಿದು, ಬಾಯಿಯ ಮೂಲೆಗಳು ಹುಣ್ಣಾಗುವುದುಂಟು. ತಪ್ಪು ಅಚ್ಚು ತೆಗೆಯುವಲ್ಲೇ ಆಗಿರಬಹುದು, ಮೇಣದ ದಿಂಡಿನಲ್ಲಾಗಿರಬಹುದು, ಕೂರಿಸುವಲ್ಲಾಗಿರಬಹುದು. ಎಲ್ಲಿ ಆದರೂ ಅದನ್ನು ಅನುಭವಿಸುವವರು ಒಬ್ಬರೇ. ವಯಸ್ಸಾದವರಾದರೆ ಅವರು ದೂರುವುದನ್ನೂ ಬಿಟ್ಟು, ಗಂಜಿ ಮತ್ತು ಮೆತ್ತನೆಯ ಅನ್ನಕ್ಕೆ ಒಗ್ಗಿಕೊಂಡುಬಿಡುತ್ತಾರೆ.

ಈಗ ಬಾಯಿಯ ಆಕಾರವನ್ನು ಬೆಳಕಿನಿಂದಲೇ ಗ್ರಹಿಸುವ ಯಂತ್ರಗಳೂ, ಕಂಪ್ಯೂಟರಿನ ಪರದೆಯ ಮೇಲೆ ದವಡೆಯನ್ನು ಆಡಿಸುವ ಆರ್ಟಿಕ್ಯುಲೇಟರುಗಳೂ ಬಂದಿವೆ. ಪರದೆಯ ಮೇಲಿನ ದವಡೆಗೂ ಕೀಲು ಎಲ್ಲಿದೆ, ಇಳಿಜಾರು ಎಷ್ಟು, ಎತ್ತರವೆಷ್ಟು ಎಂಬುದನ್ನು ಯಾರಾದರೂ ಹೇಳಲೇಬೇಕು. ಆ ಪ್ರಶ್ನೆಗಳ ಅರ್ಥ ಪ್ಲಾಸ್ಟರ್ ಕಲಸಿದ ಕೈಗೆ ಬೇಗ ತಿಳಿಯುತ್ತದೆ. ಕಂಬಿ ಮುಟ್ಟಲಿಲ್ಲವೆಂದು ಒಡೆದು ಮತ್ತೆ ಕೂರಿಸಿದ ವಿದ್ಯಾರ್ಥಿ ಆ ರೋಗಿಯನ್ನು ಎಂದೂ ನೋಡದಿರಬಹುದು. ಆದರೆ ಎಲ್ಲೋ ಒಂದು ಮನೆಯಲ್ಲಿ ಒಬ್ಬ ಅಜ್ಜಿ ನೀರಿನ ಲೋಟದಿಂದ ಸೆಟ್ಟನ್ನು ತೆಗೆದು ಬಾಯಿಗಿಟ್ಟುಕೊಂಡು ನಾಲ್ಕು ಹುರಿಗಡಲೆ ಅಗಿದರೆ, ಅದರಲ್ಲಿ ಅವನ ಪಾಲೂ ಇರುತ್ತದೆ.