ವಾರಂಟ್ ಬಂದ ಮೇಲೆ ಒಬ್ಬರೇ ಕೋರ್ಟಿಗೆ ಹೋಗಬೇಡಿ

ಸರಸ್ವತಿಪುರಂ ಬಡಾವಣೆಯ ಬಾಡಿಗೆ ಮನೆಯೊಂದರ ಟೀಪಾಯಿ ಮೇಲೆ ನಾಲ್ಕು ಮಡಿಕೆಯ ಹಾಳೆಯೊಂದು ಬಿಚ್ಚಿಟ್ಟಿತ್ತು. ಮೇಲ್ಗಡೆ ಸಿ.ಸಿ. ನಂಬರ್, ನಡುವೆ ಚೆಕ್ ಬೌನ್ಸ್‌ಗೆ ಸಂಬಂಧಿಸಿದ 138ನೇ ಕಲಂ, ಕೆಳಗೆ ಕೋರ್ಟಿನ ಮೊಹರು. ಮನೆ ಬದಲಿಸಿದ್ದರಿಂದ ಸಮನ್ಸ್ ಹಳೇ ವಿಳಾಸಕ್ಕೆ ಹೋಗಿತ್ತು. ಆ ಮನೆಯ ಗೃಹಿಣಿಗೆ ತಲುಪಿದ್ದು ಜಾಮೀನುಸಹಿತ ವಾರಂಟೇ. ಮುಚ್ಚಳಿಕೆ ಬರೆದುಕೊಟ್ಟು ಬಂದಿದ್ದ ಅವರದು ಒಂದೇ ಮಾತು: ‘ನಾನೇ ಹೋಗಿ ಜಡ್ಜ್ ಹತ್ರ ಇದ್ದದ್ದು ಹೇಳ್ತೀನಿ. ವಕೀಲರಿಗೆ ಯಾಕೆ ದುಡ್ಡು?’

ಹೇಳಬಹುದು, ಕಾನೂನು ತಡೆಯುವುದಿಲ್ಲ. ಆದರೆ ಬೆಳಿಗ್ಗೆ ಹೆಸರು ಕೂಗಿದಾಗ ಕಟಕಟೆಯಲ್ಲಿ ನಿಂತು ಬಾಡಿಗೆ ಕರಾರು ತೋರಿಸುವುದಷ್ಟೇ ಸಾಲದು. ವಾರಂಟ್ ರೀಕಾಲ್‌ಗೆ ಕಾರಣಸಹಿತ ಅರ್ಜಿ ಕೊಡಬೇಕು, ಕೋರ್ಟ್ ಕೇಳಿದರೆ ಜಾಮೀನುದಾರರನ್ನು ದಾಖಲೆಗಳೊಂದಿಗೆ ನಿಲ್ಲಿಸಬೇಕು. ಮುಂದಿನ ತಾರೀಖು ತಪ್ಪಿದರೆ ಬರುವುದು ಜಾಮೀನುರಹಿತ ವಾರಂಟ್. ಇದನ್ನೆಲ್ಲ ದಿನವೂ ಮಾಡುವವರು ಪಕ್ಕದಲ್ಲಿರುವುದೇ ಲೇಸು.

‘ಹಳೇ ಕೇಸು, ಬಿದ್ದುಹೋಗಿರುತ್ತೆ’ ಎಂಬ ನಂಬಿಕೆಯಂತೂ ಅಪಾಯಕಾರಿ. ವಾರಂಟಿಗೆ ವಯಸ್ಸಾಗುವುದಿಲ್ಲ. ಹೊರಡಿಸಿದ ಕೋರ್ಟು ರದ್ದು ಮಾಡುವವರೆಗೆ ಇಲ್ಲವೇ ಜಾರಿಯಾಗುವವರೆಗೆ ಅದು ಜೀವಂತ. ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಂನಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಂನಲ್ಲಿ ಮುಂದುವರಿದಿದೆ. ಹುಬ್ಬಳ್ಳಿಯನ್ನೇ ನೋಡಿ: 1994ರ ಈದ್ಗಾ ಮೈದಾನದ ಪ್ರಕರಣದಲ್ಲಿ ಅಲ್ಲಿನ ಕೋರ್ಟ್ ಹೊರಡಿಸಿದ ವಾರಂಟ್‌ನಿಂದಾಗಿ 2004ರ ಆಗಸ್ಟ್‌ನಲ್ಲಿ ಉಮಾಭಾರತಿ ಮಧ್ಯಪ್ರದೇಶದ ಮುಖ್ಯಮಂತ್ರಿ ಗಾದಿಯನ್ನೇ ಬಿಟ್ಟರು. ಭೋಪಾಲದಿಂದ ರೈಲು ಹತ್ತಿ ಹುಬ್ಬಳ್ಳಿಗೆ ಬಂದು ಶರಣಾದರು. ಹತ್ತು ವರ್ಷ ಕಳೆದರೂ ಪ್ರಕರಣ ಬಿದ್ದುಹೋಗಿರಲಿಲ್ಲ!

ಕೋರ್ಟುಗಳಿಗೂ ಕಟ್ಟುಪಾಡಿದೆ. ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ (2007) ಸುಪ್ರೀಂ ಕೋರ್ಟ್, ಸಾಮಾನ್ಯವಾಗಿ ಮೊದಲು ಸಮನ್ಸ್, ಆಮೇಲೆ ಜಾಮೀನುಸಹಿತ ವಾರಂಟ್, ಅದಕ್ಕೂ ಬಗ್ಗದಿದ್ದರೆ ಮಾತ್ರ ಜಾಮೀನುರಹಿತ ವಾರಂಟ್ ಎಂದಿತು. ಸಮನ್ಸ್ ಕೈಸೇರದೆ ಸಿಕ್ಕಿಬಿದ್ದವರಿಗೆ ಇದು ದೊಡ್ಡ ಆಸರೆ. ಆದರೆ ಆ ತೀರ್ಪನ್ನು ನ್ಯಾಯಾಧೀಶರ ಮುಂದಿಡುವವರು ಬೇಕಲ್ಲ?

ಇನ್ನು ದುಡ್ಡಿನ ಮಾತು. ಸರಸ್ವತಿಪುರಂನ ಆ ಗೃಹಿಣಿ ಒಂದು ಪೈಸೆಯನ್ನೂ ವಕೀಲರಿಗೆ ಕೊಡಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ (1987) 12ನೇ ಕಲಂ ಪ್ರಕಾರ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ, ಮಕ್ಕಳಿಗೂ, ಬಂಧನದಲ್ಲಿರುವವರಿಗೂ ಇದೆ. ಕಾಯ್ದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಇಷ್ಟು ವರ್ಷವಾದರೂ ಕೋರ್ಟಿನ ಆಸುಪಾಸಿನ ಬಡಾವಣೆಗೇ ಈ ಸುದ್ದಿ ಮುಟ್ಟದಿರುವುದು ಬೇಸರದ ಸಂಗತಿ.

ನಿಮ್ಮ ಮನೆಗೂ ಇಂಥ ಹಾಳೆ ಬಂದಿದ್ದರೆ ತಾರೀಖಿನ ದಿನದವರೆಗೆ ಕಾಯಬೇಡಿ. ಇವತ್ತೇ 15100ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ವಕೀಲರನ್ನು ಕೇಳಿ ಪಡೆಯಿರಿ.