ಕಳೆದು ಕಳೆದು ಉಳಿಯುವ ದಿನ

ಚೀನೀ ಹೊಸ ವರ್ಷಕ್ಕೆ ಇನ್ನೂ ಸಾಕಷ್ಟು ದಿನವಿರುವಾಗಲೇ ಹಾಂಕಾಂಗ್‌ನ ಪುಸ್ತಕದಂಗಡಿಗಳಲ್ಲಿ ಕೆಂಪು ಹೊದಿಕೆಯ ದಪ್ಪ ಪುಸ್ತಕ ಬಂದು ಕೂರುತ್ತದೆ. ಅಲ್ಲಿನವರು ಅದನ್ನು ‘ತುಂಗ್ ಶಿಂಗ್’ ಎನ್ನುತ್ತಾರೆ. ಬೀಜಿಂಗ್ ಕಡೆಯವರಿಗೆ ಅದು ‘ಹುವಾಂಗ್‌ಲಿ’. ಚೀನೀಯರ ಪಂಚಾಂಗ ಇದು. ಚಾಂದ್ರಮಾನದ ದಿನಗಳು, ಸೂರ್ಯನ ಗತಿಯಂತೆ ವರ್ಷವನ್ನು ಭಾಗಿಸುವ 24 ಘಟ್ಟಗಳು, ಮಳೆ ಬೆಳೆ ಸೂಚಿಸುವ ಎತ್ತಿನ ಚಿತ್ರ ಎಲ್ಲವೂ ಅದರಲ್ಲಿವೆ. ಆದರೆ ಮನೆಯವರ ಕಣ್ಣು ಮೊದಲು ಹೋಗುವುದು ಈ ದಿನ ಯಾವ ಕೆಲಸಕ್ಕೆ ಆಗುತ್ತದೆ, ಯಾವುದಕ್ಕೆ ಆಗದು ಎಂಬ ಪಟ್ಟಿಗೆ.

ಮದುವೆ, ಗೃಹಪ್ರವೇಶ, ಪಾಯ ತೋಡುವುದು ಸರಿಯೇ. ಜೊತೆಗೆ ಕ್ಷೌರ, ಬಟ್ಟೆ ಕತ್ತರಿಸುವುದು, ಮಂಚ ಹಾಕುವುದು, ಒಲೆ ಹೂಡುವುದು, ಬಲೆ ಹೆಣೆಯುವುದೂ ಉಂಟು. ಹಳೆಯ ಹಳ್ಳಿಯೊಂದರ ಬದುಕೆಲ್ಲ ಆ ಪಟ್ಟಿಯಲ್ಲಿ ಇನ್ನೂ ಉಸಿರಾಡುತ್ತಿದೆ.

ಲೆಕ್ಕ ಹೀಗಿದೆ. ಹತ್ತು ‘ಕಾಂಡ’, ಹನ್ನೆರಡು ‘ಶಾಖೆ’ ಜೋಡಿಯಾಗಿ ಸುತ್ತಿ ಅರವತ್ತು ದಿನಕ್ಕೊಮ್ಮೆ ಮೊದಲಿಗೆ ಮರಳುತ್ತವೆ. ಶಾಖೆಗೊಂದು ಪ್ರಾಣಿ, ಅಲ್ಲಿಂದ ಏಳನೆಯದು ಅದರ ವೈರಿ. ಇಲಿಗೆ ಕುದುರೆ, ಹುಲಿಗೆ ಕೋತಿ, ಹಾವಿಗೆ ಹಂದಿ. ಕುದುರೆಯ ತಿಂಗಳಲ್ಲಿ ಬರುವ ಇಲಿಯ ದಿನ ‘ಒಡೆಯುವ ದಿನ’: ಹಳೆ ಮನೆ ಕೆಡವಬಹುದು, ಮದುವೆ ಕೂಡದು. ದಿನ ನೋಡುವವರು ಮೊದಲು ಇಂಥವನ್ನೆಲ್ಲ ತೆಗೆದುಹಾಕುತ್ತಾರೆ. ಆಮೇಲೆ ವಧೂವರರ ಪ್ರಾಣಿಗೆ ವೈರವಾದವು ಹೋಗುತ್ತವೆ. ಅತ್ತೆಯಾಗುವವರು ಕುದುರೆಯ ವರ್ಷದಲ್ಲಿ ಹುಟ್ಟಿದ್ದರೆ ಇಲಿಯ ದಿನಗಳೂ ಹೋದವು. ಕೊನೆಗೆ ಉಳಿದ ಬೆರಳೆಣಿಕೆಯ ದಿನಗಳಲ್ಲಿ ಹೊತ್ತನ್ನು ಗೊತ್ತು ಮಾಡುತ್ತಾರೆ. ಯಾರಿಗೆ, ಯಾವ ಕೆಲಸಕ್ಕೆ ಎಂದು ಕೇಳದೆ ಯಾವ ದಿನವನ್ನೂ ಒಳ್ಳೆಯದೆನ್ನದ ಈ ಎಚ್ಚರವೇ ಇಡೀ ವಿದ್ಯೆಯಲ್ಲಿ ನನಗೆ ಹಿಡಿಸಿದ್ದು.

ವಿದ್ಯೆ ತೀರಾ ಹಳೆಯದು. ಹುಬೇ ಪ್ರಾಂತ್ಯದ ಶುಯ್‌ಹುದಿಯಲ್ಲಿ 1975ರಲ್ಲಿ ಅಗೆದಾಗ, ಕ್ರಿ.ಪೂ. 217ರ ಸುಮಾರಿಗೆ ಸತ್ತ ಅಧಿಕಾರಿಯೊಬ್ಬನ ಗೋರಿಯಲ್ಲಿ ಬಿದಿರ ಪಟ್ಟಿಗಳು ಸಿಕ್ಕವು. ಕಾನೂನಿನ ಪಾಠಗಳ ಜೊತೆಯಲ್ಲೇ ‘ದಿನದ ಪುಸ್ತಕ’ಗಳೂ ಇದ್ದವು. ಕ್ರಿ.ಶ. ಒಂದನೆಯ ಶತಮಾನದಲ್ಲೇ ವಾಂಗ್ ಚೋಂಗ್ ಎಂಬ ವಿಚಾರವಾದಿ ಇದನ್ನು ಕಟುವಾಗಿ ಟೀಕಿಸಿದ, ಜನ ಬಿಡಲಿಲ್ಲ. ಎಂಟನೆಯ ಶತಮಾನದಲ್ಲಿ ಅಮೋಘವಜ್ರ ಎಂಬ ಬೌದ್ಧ ಆಚಾರ್ಯ ನಮ್ಮ ನಕ್ಷತ್ರ, ವಾರಗಳ ವಿದ್ಯೆಯನ್ನು ಚೀನೀ ಭಾಷೆಗೆ ತಂದ. ಆಗ ಪಂಚಾಂಗ ಹೊರಡಿಸುವುದು ಚಕ್ರವರ್ತಿಯ ಹಕ್ಕಾಗಿತ್ತು. ಖಾಸಗಿ ಮುದ್ರಣವನ್ನು 835ರಲ್ಲಿ ನಿಷೇಧಿಸಲಾಯಿತು. ಆದರೂ 877ನೇ ವರ್ಷದ ಅಚ್ಚಿನ ಪಂಚಾಂಗವೊಂದು ದುನ್‌ಹುವಾಂಗ್ ಗುಹೆಯಲ್ಲಿ ಉಳಿದು, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ತಪ್ಪು ಮುಹೂರ್ತಕ್ಕೆ ತಲೆದಂಡವೂ ಆಗಿದೆ. ಜರ್ಮನಿಯ ಪಾದ್ರಿ ಆಡಮ್ ಶಾಲ್ ಬೀಜಿಂಗ್‌ನ ಖಗೋಳ ಇಲಾಖೆಯ ಮುಖ್ಯಸ್ಥನಾಗಿದ್ದಾಗ, 1658ರಲ್ಲಿ ತೀರಿಕೊಂಡ ಹಸುಗೂಸು ರಾಜಕುಮಾರನನ್ನು ಹೂಳಲು ಇಲಾಖೆ ಹೊತ್ತು ಗೊತ್ತುಮಾಡಿತ್ತು. ಆ ಹೊತ್ತೇ ಕೆಟ್ಟದ್ದು, ಅದರಿಂದಲೇ ಅರಮನೆಗೆ ಕೇಡಾಯಿತು ಎಂದು ಯಾಂಗ್ ಗ್ವಾಂಗ್‌ಶಿಯಾನ್ ಎಂಬಾತ 1664ರಲ್ಲಿ ದೂರು ಕೊಟ್ಟ. ಶಾಲ್‌ಗೆ ಮರಣದಂಡನೆಯಾಯಿತು. ಅಷ್ಟರಲ್ಲಿ ಬೀಜಿಂಗ್‌ನಲ್ಲಿ ಭೂಕಂಪವಾಗಿ, ಅದನ್ನು ಅಪಶಕುನವೆಂದು ಬಗೆದು ಅವನನ್ನು ಬಿಟ್ಟರು. ಅವನ ಕೈಕೆಳಗಿನ ಐವರು ಚೀನೀ ಖಗೋಳಜ್ಞರಿಗೆ ಆ ಭಾಗ್ಯವಿರಲಿಲ್ಲ. ಕೊಲ್ಲಲ್ಪಟ್ಟ ಆ ಐವರನ್ನು ಈ ಕಥೆ ಹೇಳುವವರು ಬೇಗ ಮರೆಯುತ್ತಾರೆ. ಮುಂದೆ 1741ರ ಹೊತ್ತಿಗೆ ಚ್ಯಾನ್‌ಲಾಂಗ್ ಚಕ್ರವರ್ತಿಯ ಆಸ್ಥಾನ ಪರಸ್ಪರ ಹೊಂದದ ನಿಯಮಗಳನ್ನೆಲ್ಲ ಜಾಲಿಸಿ 36 ಸಂಪುಟಗಳ ಗ್ರಂಥ ಮಾಡಿಸಿತು.

ಇಪ್ಪತ್ತನೆಯ ಶತಮಾನದ ಸರ್ಕಾರಗಳು ಇದನ್ನು ಮೂಢನಂಬಿಕೆಯೆಂದು ಹತ್ತಿಕ್ಕಿದಾಗ ಕಾಪಾಡಿದ್ದು ಹಾಂಕಾಂಗ್, ತೈವಾನ್, ಮಲೇಷ್ಯಾದ ಮನೆಗಳು. ಈಗ ಚೀನಾದಲ್ಲೂ ಮೊಬೈಲಿನಲ್ಲೇ ದಿನ ನೋಡುತ್ತಾರೆ. 2024ರ ಡ್ರ್ಯಾಗನ್ ವರ್ಷದಲ್ಲಿ ವಸಂತಾರಂಭದ ಘಟ್ಟವೇ ಬೀಳಲಿಲ್ಲ. ಅಂಥದ್ದು ‘ವಿಧವೆ ವರ್ಷ’, ಮದುವೆ ಸಲ್ಲದು ಎಂಬ ಮಾತು ಹಬ್ಬಿತು. 2023ರಲ್ಲಿ 76.8 ಲಕ್ಷವಿದ್ದ ಮದುವೆ ನೋಂದಣಿ 61 ಲಕ್ಷಕ್ಕೆ ಇಳಿಯಿತು. ಮದುವೆ ವಯಸ್ಸಿನವರೇ ಕಡಿಮೆಯಾಗಿರುವುದು, ಖರ್ಚು ಏರಿರುವುದು ದೊಡ್ಡ ಕಾರಣಗಳು. ಆದರೆ ಆ ಮಾತಿಗೂ ಪಾಲಿದೆ ಎಂದವರುಂಟು. ಹತ್ತೊಂಬತ್ತು ವರ್ಷಕ್ಕೆ ಸುಮಾರು ಏಳು ವರ್ಷ ಹೀಗೇ ಬರುತ್ತವೆ. ಒಂದೊಂದು ದಿನವನ್ನೂ ಒಬ್ಬೊಬ್ಬರ ಜಾತಕಕ್ಕೆ ಹೋಲಿಸಿ ನೋಡುವ ಪಂಚಾಂಗದವರ ಶ್ರಮದ ಮುಂದೆ, ಇಡೀ ವರ್ಷವನ್ನೇ ತಳ್ಳಿಹಾಕುವ ಈ ಬೀದಿಮಾತು ನನಗೆ ಬಲು ಒರಟಾಗಿ ಕಾಣುತ್ತದೆ.